ಅಂಗಾಲಿಗೊಂದು ಒಲೆ

ಎಲ್ಲದಕ್ಕೂ ಕಾರಣ ಒಂದು ಜೊತೆ ಉಣ್ಣೆಯ ಕಾಲುಚೀಲ. ನಾಲ್ಕನೆಯ ಜೊತೆ.

ಮಾರ್ಲಿಸ್ ಕಾಂಗಸ್ ನವೆಂಬರಿನಿಂದ ಏಪ್ರಿಲಿನವರೆಗೆ ಅಡಿಗೆಮನೆಯಲ್ಲಿ ಒಂದರ ಮೇಲೊಂದು ಮೂರು ಜೊತೆ ಕಾಲುಚೀಲ ಹಾಕಿಕೊಂಡು ಓಡಾಡುವವಳು. ಮೂವತ್ತೊಂದು ವರ್ಷದ ಸಂಸಾರದಲ್ಲಿ ಅದಕ್ಕಾಗಿ ಗೊಣಗಿದ್ದಳೇ ಹೊರತು ಜಗಳ ಕಾದವಳಲ್ಲ. ಆ ಶುಕ್ರವಾರ ಬೆಳಗ್ಗೆ ನಾಲ್ಕನೆಯ ಜೊತೆ ಏರಿಸಿದಳು. ಪಾದ ಚಪ್ಪಲಿಯೊಳಗೆ ಹೋಗಲಿಲ್ಲ. ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ಗಂಡನ ಕಡೆ ತಿರುಗಿದಳು. ಆರ್ವಿಡ್ ಆಗ ಕಾಫಿಗೆ ಬ್ರೆಡ್ಡು ಅದ್ದುತ್ತಿದ್ದ.

“ನಮ್ಮಕ್ಕ ಡೆಲೋರಿಸ್ ಮತ್ತೆ ಕರೆದಿದ್ದಾಳೆ. ಈ ಸಲ ನಾನು ಹೋಗೋಳೇ.”

“ಎಲ್ಲಿಗೆ?”

“ಅವಳ ಮನೆಗೆ, ಅರಿಜೋನಾಕ್ಕೆ. ಏಪ್ರಿಲ್‌ವರೆಗೆ ಅಲ್ಲೇ ಇರ್ತೀನಿ. ಅಲ್ಲಿ ನೆಲದ ಮೇಲೆ ಬರಿಗಾಲಲ್ಲಿ ನಡೀತಾರಂತೆ. ಬರಿಗಾಲಲ್ಲಿ, ಆರ್ವಿಡ್! ನನ್ನ ಕಾಲ್ಬೆರಳು ನಾನೇ ನೋಡಿ ಯಾವ ಕಾಲ ಆಯ್ತು!”

ಬ್ರೆಡ್ಡು ಕಾಫಿಯೊಳಗೆ ಬಿತ್ತು.

ಅಡಿಗೆಮನೆಯ ನೆಲದಡಿ ಬಿಸಿನೀರಿನ ಕೊಳವೆ ಹಾಕಿಸಿ ನೆಲ ಬೆಚ್ಚಗೆ ಮಾಡಿಕೊಡುತ್ತೇನೆಂದು ಆರ್ವಿಡ್ ಪ್ರತಿ ವರ್ಷ ಎಲೆ ಉದುರುವ ಹೊತ್ತಿಗೆ ಮಾತು ಕೊಡುತ್ತಿದ್ದ. ಕೊಳವೆಯ ಸುರುಳಿಯೇನೋ ಆರು ವರ್ಷದಿಂದ ಗ್ಯಾರೇಜಿನಲ್ಲಿ ಬಿದ್ದಿತ್ತು. ಆದರೆ ಆ ನೆಲ ಮಾರ್ಲಿಸಳ ತಾತ ತಾನೇ ಮರ ಕಡಿದು, ತಾನೇ ಹಲಗೆ ಜೋಡಿಸಿ ಮಾಡಿದ್ದು. ಒಂದು ಹಲಗೆ ಎಬ್ಬಿಸಿದರೂ ತಾತನ ಗೋರಿಗೆ ಕೈ ಹಾಕಿದಂತೆ ಎಂದು ಅವಳು ಮೊದಲೇ ಹೇಳಿಬಿಟ್ಟಿದ್ದಳು. ಅಂದಮೇಲೆ ಕೆಲಸ ಕೆಳಗಿನಿಂದಲೇ ಆಗಬೇಕು. ಕೆಳಗೆ ಅಂದರೆ ಮನೆಯ ತಳದ ಪೊಳ್ಳು ಜಾಗ. ಕೂತರೆ ತಲೆ ತಾಗುತ್ತದೆ, ಮಲಗಿದರೆ ಮೂಗು ತಾಗುತ್ತದೆ. ಆರ್ವಿಡ್‌ಗೆ ಅರವತ್ತೆರಡು ವರ್ಷ, ಹೊಟ್ಟೆಯೂ ವಯಸ್ಸಿಗೆ ತಕ್ಕ ಹಾಗೆ ಬಂದಿತ್ತು.

“ನಾಳೆ ಚರ್ಚಿನಲ್ಲಿ ಮೀನೂಟ. ಬೆಳಗ್ಗೆ ಹೋದ್ರೆ ನಾನು ಬರೋದು ಸಂಜೆ ಐದಕ್ಕೆ,” ಎಂದಳು ಮಾರ್ಲಿಸ್. “ಬರೋ ಹೊತ್ತಿಗೆ ನೆಲ ಬೆಚ್ಚಗಿದ್ರೆ ಇರ್ತೀನಿ. ಇಲ್ಲಾಂದ್ರೆ ಭಾನುವಾರ ವಿಮಾನ ಹತ್ತೋದೇ.”

ಆರ್ವಿಡ್‌ಗೆ ಹೆದರಿಕೆಯಾಯಿತು. ಹೆಂಡತಿ ಹೋದರೆ ಊಟಕ್ಕೇನು ಎಂಬ ಚಿಂತೆಯಲ್ಲ ಅದು. ಡಬ್ಬಿ ತೆರೆಯಲು ಅವನಿಗೂ ಬರುತ್ತದೆ. ಹಿಂದೊಮ್ಮೆ ಅವಳು ಎರಡು ದಿನ ಊರಲ್ಲಿರಲಿಲ್ಲ. ಬೆಳಗ್ಗೆ ಎದ್ದು ಕಿಟಕಿಯ ಹತ್ತಿರ ನಿಂತು, “ನೋಡು, ರಾತ್ರಿಯೆಲ್ಲಾ ಹಿಮ ಬಿದ್ದಿದೆ,” ಎಂದು ಹೇಳಿ ತಿರುಗಿದರೆ ಹಿಂದೆ ಯಾರೂ ಇಲ್ಲ. ಅವತ್ತು ಅವನು ಕಾಫಿಯನ್ನು ನಿಂತೇ ಕುಡಿದಿದ್ದ. ಇನ್ನು ನಾಲ್ಕು ತಿಂಗಳು ಅಂದರೆ!

ನಿಜ ಹೇಳಬೇಕೆಂದರೆ, ಆ ತಣ್ಣನೆಯ ನೆಲದಿಂದ ಆರ್ವಿಡ್‌ಗೆ ಒಂದೇ ಒಂದು ಉಪಕಾರವಾಗಿತ್ತು. ಅದು ಡೆಲೋರಿಸ್. ಮಾರ್ಲಿಸಳ ಈ ಅಕ್ಕ ಒಂಬತ್ತು ವರ್ಷದ ಹಿಂದೆ ಕ್ರಿಸ್‌ಮಸ್ಸಿಗೆ ಬಂದವಳು ಮೂರು ದಿನದಲ್ಲಿ ಅವನ ಗಾಳದ ಪೆಟ್ಟಿಗೆಯನ್ನು ಬಣ್ಣದ ಪ್ರಕಾರ ಜೋಡಿಸಿಟ್ಟಳು, ಅವನ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿದಳು, ಒಂದು ತುತ್ತನ್ನು ಎಷ್ಟು ಸಲ ಅಗಿಯಬೇಕೆಂದು ಎದುರಿಗೆ ಕೂತು ಎಣಿಸಿದಳು. ನಾಲ್ಕನೆಯ ಬೆಳಗ್ಗೆ ಬರಿಗಾಲನ್ನು ಅಡಿಗೆಮನೆಯ ನೆಲದ ಮೇಲಿಟ್ಟು ಕಿಟಾರನೆ ಕಿರುಚಿ, “ಚಳಿಗಾಲದಲ್ಲಿ ನಾನಿನ್ನು ಈ ಮನೆ ಮೆಟ್ಟೋದಿಲ್ಲ!” ಎಂದು ಆಣೆಯಿಟ್ಟು ಹೊರಟಳು. ಬೇಸಿಗೆಯಲ್ಲಿ ನಮ್ಮೂರ ಸೊಳ್ಳೆಗೆ ಹೆದರಿ ಬರುವುದಿಲ್ಲ. ಅವಳ ಗಂಡ ವೆಂಡೆಲ್ ಮಾತ್ರ ಬಾಯಿ ಬಿಡುವವನಲ್ಲ. ಫೋನಿನಲ್ಲಿ ಸಿಕ್ಕರೆ “ಹೂಂ” ಎಂದು ಹೆಂಡತಿಯ ಕೈಗೆ ಕೊಡುತ್ತಿದ್ದ. ಬಾಯಿ ಬಿಡಲು ಅವನಿಗೆ ಸಂದಿಯೇ ಸಿಕ್ಕಿರಲಿಲ್ಲ ಎನ್ನುವುದು ನ್ಯಾಯ.

ಶನಿವಾರ ಬೆಳಗ್ಗೆ ಮಾರ್ಲಿಸ್ ಆಲೂಗಡ್ಡೆ ಸುಲಿಯುವ ಚಾಕು ಹಿಡಿದು ಚರ್ಚಿಗೆ ಹೋದದ್ದೇ ತಡ, ಆರ್ವಿಡ್ ಪಕ್ಕದ ಮನೆಯ ಡ್ವೇನನಿಗೆ ಫೋನು ಮಾಡಿ, ಮರಕ್ಕೆ ತಂತಿಯ ಕೊಂಡಿ ಹೊಡೆಯುವ ಸ್ಟೇಪಲ್ ಗನ್ ಕೇಳಿದ. ನಮ್ಮೂರಿನಲ್ಲಿ ಹತ್ಯಾರ ಕೇಳಿದರೆ ಹತ್ಯಾರದ ಜೊತೆ ಅದರ ಯಜಮಾನನೂ ಬರುತ್ತಾನೆ. ಡ್ವೇನ್ ಇಪ್ಪತ್ತೆಂಟು ವರ್ಷ ಶಾಲೆಯ ಬಸ್ಸು ಓಡಿಸಿದವನು. ಕೂತ ಜಾಗದಿಂದ ಏಳದೆ ಎಲ್ಲರನ್ನೂ ಸುಮ್ಮನಿರಿಸುವ ಅಭ್ಯಾಸ ಅವನಿಗಿತ್ತು.

“ಕೊಳವೆ ಹಾಕೋದು ಏನ್ ಮಹಾ,” ಎಂದ ಡ್ವೇನ್. “ತೊಲೆಗಳ ನಡುವೆ ಹಾವಿನ ಹಾಗೆ ಹರಿಸು, ಅಲ್ಯೂಮಿನಿಯಂ ತಗಡು ಒತ್ತಿ ಹಲಗೆಗೆ ಸ್ಟೇಪಲ್ ಹೊಡಿ, ಕೆಳಗೆ ಹತ್ತಿಯಂಥ ಹೊದಿಕೆ ತುಂಬು, ಬಾಯ್ಲರಿಗೆ ಸೇರಿಸು. ನಾನಾಗಿದ್ರೆ ಮಧ್ಯಾಹ್ನದೊಳಗೆ ಮುಗಿಸ್ತಿದ್ದೆ.”

“ಹಾಗಾದ್ರೆ ಇಳಿ, ಮಾರಾಯ.”

“ನನಗೆ ಮಂಡಿ ನೋವು.”

ಅಷ್ಟರಲ್ಲಿ ಎದುರು ಮನೆಯ ಮಿಸೆಸ್ ಟ್ವೈಟ್ ಬಂದರು. ಎಂಬತ್ತೊಂದರ ಮುದುಕಿ, ಗುಬ್ಬಿಯಷ್ಟು ಹಗುರ. ಆರ್ವಿಡ್‌ಗೆ ಮೂರನೇ ಕ್ಲಾಸಿನಲ್ಲಿ ಪಾಠ ಹೇಳಿದವರು. ಇವತ್ತಿಗೂ ಅವರ ಮುಂದೆ ಅವನ ದನಿ ಏರುವುದಿಲ್ಲ. ಸಂಜೆಗೆಂದು ದೊಡ್ಡ ಬೋಗುಣಿಯ ತುಂಬ ಹಸಿರು ಜೆಲ್ಲಿ ಮಾಡಿ, ಒಳಗೆ ಕ್ಯಾರೆಟ್ ತುರಿದು ಹಾಕಿ ತಂದಿದ್ದರು. ಗಟ್ಟಿಯಾಗಲೆಂದು ಅದನ್ನು ಹಿಂಬಾಗಿಲ ಒಳಗಿನ ಬೂಟುಕೋಣೆಯ ನೆಲದ ಮೇಲಿಟ್ಟರು. ಬಂದವರು ಬೂಟು ಬಿಚ್ಚುವ ಆ ಪುಟ್ಟ ಕೋಣೆಗೆ ಕಾಯಿಸುವ ವ್ಯವಸ್ಥೆಯಿಲ್ಲ. ನವೆಂಬರ್ ಬಂತೆಂದರೆ ಬೆಣ್ಣೆ, ಕಡುಬು, ಜೆಲ್ಲಿ ಎಲ್ಲ ಅಲ್ಲೇ, ಫ್ರಿಜ್ಜಿಗಿಂತ ನಂಬಿಕಸ್ಥ.

ಆರ್ವಿಡ್ ಹಜಾರದ ಬೀರುವಿನೊಳಗಿನ ಮುಚ್ಚಳ ಎತ್ತಿ, ಟಾರ್ಚು ಕಚ್ಚಿಕೊಂಡು ಕೆಳಗಿಳಿದ. ತೆವಳಿದ. ಚಿಮಣಿಯ ಬುಡ ಸುತ್ತಿದ. ಅಲ್ಲಿಗೆ ಅವನ ದಿಕ್ಕು ತಪ್ಪಿತು. ಎಲ್ಲಿ ನೋಡಿದರೂ ಒಂದೇ ತರಹದ ತೊಲೆ, ಒಂದೇ ತರಹದ ಜೇಡರ ಬಲೆ, ಮೇಲಿನಿಂದ ಇಳಿದ ತಾತನ ಮೊಳೆಗಳು. ಒಂದು ಮೊಳೆ ಅವನ ಟೋಪಿಯನ್ನು ಕಿತ್ತು ತಾನೇ ಇಟ್ಟುಕೊಂಡಿತು.

“ಡ್ವೇನ್! ಅಡಿಗೆಮನೆ ಎಲ್ಲಿದೆ?”

“ಮೇಲೆ!” ಎಂದ ಡ್ವೇನ್, ಮುಚ್ಚಳದ ಬಾಯಲ್ಲಿ ಕೂತು.

“ನನಗೂ ಗೊತ್ತು! ಇಲ್ಲಿಂದ ಯಾವ ಕಡೆ? ಎಡಕ್ಕೆ ಸಿಂಕಿನ ಪೈಪು ಕಾಣ್ತಾ ಇದೆ.”

“ಅದನ್ನ ನಂಬಬೇಡ. ಈ ಮನೇನ ಎರಡು ಸಲ ಹಿಗ್ಗಿಸಿದಾರೆ, ಅದು ಯಾವ ಕಾಲದ ಪೈಪೋ. ಪೈಪು ನಂಬಬೇಡ, ಕಾಲು ನಂಬು. ಅಡಿಗೆಮನೆಯ ನಾಲ್ಕು ಮೂಲೇಲೂ ಯಾರಾದ್ರೂ ಧಪಧಪ ಅಂತ ತುಳೀಲಿ. ನೀನು ಕೆಳಗೆ ಸೀಮೆಸುಣ್ಣದಲ್ಲಿ ಗುರುತು ಹಾಕ್ಕೋ.”

ಉಪಾಯ ಚೆನ್ನಾಗಿತ್ತು. ತುಳಿಯುವ ಕೆಲಸ ಮಿಸೆಸ್ ಟ್ವೈಟ್ ಅವರ ಪಾಲಿಗೆ ಬಂತು, ಏಕೆಂದರೆ ಡ್ವೇನ್‌ಗೆ ಮಂಡಿ ನೋವು. ಮುದುಕಿ ಉಣ್ಣೆಯ ಕಾಲುಚೀಲದಲ್ಲಿ ಅಡಿಗೆಮನೆಯ ಮೂಲೆಗೆ ಹೋಗಿ, ಬೇರೆಯವರ ಮನೆಯ ನೆಲ ಎಂಬ ಮರ್ಯಾದೆಯಿಂದ, ಮೆಲ್ಲಗೆ ತುಳಿದರು. ಕೆಳಗೆ ಏನೂ ಕೇಳಿಸಲಿಲ್ಲ. ಇನ್ನೊಬ್ಬರಾಗಿದ್ದರೆ ಆರ್ವಿಡ್ “ಜೋರಾಗಿ!” ಎಂದು ಕೂಗುತ್ತಿದ್ದ. ಮೂರನೇ ಕ್ಲಾಸಿನ ಮೇಡಂ ಅವರಿಗೆ ಹಾಗೆ ಹೇಳುವುದುಂಟೇ? ಕಾದ.

ಆಗ ಡ್ವೇನ್‌ಗೆ ತಾನು ತಂದ ಗನ್ನಿಗೆ ಸ್ಟೇಪಲ್ ತಂದಿಲ್ಲವೆಂದು ನೆನಪಾಯಿತು. ಮನೆಗೆ ಹೋದ.

ಕೆಳಗೆ ಮಲಗಿದ್ದ ಆರ್ವಿಡ್‌ಗೆ ಸ್ವಲ್ಪ ಹೊತ್ತಿಗೆ ಮೇಲಿನಿಂದ ಸ್ಪಷ್ಟವಾಗಿ ಕೇಳಿಸಿತು: ಧಪ್ ಧಪ್, ಧಪ್ ಧಪ್! ತಲೆಯ ಮೇಲೆ ಧೂಳು ಉದುರಿತು. ‘ಅಬ್ಬಾ, ಈ ವಯಸ್ಸಿನಲ್ಲಿ ಏನು ಕಾಲು!’ ಎಂದು ಮೆಚ್ಚಿಕೊಂಡು ಗುರುತು ಹಾಕಿದ.

“ಇನ್ನೊಂದು ಮೂಲೆ, ಮಿಸೆಸ್ ಟ್ವೈಟ್!”

ಮತ್ತೆ ಮೌನ. ಮತ್ತೆ ತುಸು ಹೊತ್ತು ಬಿಟ್ಟು ಧಪ್ ಧಪ್, ಧಪ್ ಧಪ್, ಒಂದು ಮಾರು ಆಚೆ. ಪಾಪ, ಮುದುಕಿ ನಡುನಡುವೆ ಸುಧಾರಿಸಿಕೊಳ್ಳುತ್ತಿದ್ದಾರೆ ಎಂದುಕೊಂಡ. ಮುಕ್ಕಾಲು ಗಂಟೆಯಲ್ಲಿ ನಾಲ್ಕು ಗುರುತೂ ಬಿದ್ದವು. ಟಾರ್ಚು ಬಿಟ್ಟು ನೋಡಿದರೆ ಜಾಗ ಸೊಟ್ಟಗೂ ಚಿಕ್ಕದಾಗಿಯೂ ಇತ್ತು.

“ಡ್ವೇನ್, ಅಡಿಗೆಮನೆ ಇಷ್ಟೇನಾ?”

ಅಷ್ಟು ಹೊತ್ತಿಗೆ ಮುಚ್ಚಳದ ಬಾಯಿಗೆ ಮರಳಿದ್ದ ಡ್ವೇನ್ ಯೋಚಿಸಿ ಹೇಳಿದ: “ಕೆಳಗಿಂದ ನೋಡಿದ್ರೆ ಎಲ್ಲಾ ಕೋಣೇನೂ ಅಷ್ಟೇ. ಮೇಲೆ ಪಾತ್ರೆ ಪರಟಿ ಇರೋದ್ರಿಂದ ದೊಡ್ಡದು ಅನ್ಸುತ್ತೆ.”

ಬಸ್ಸಿನಲ್ಲಿ ನಲವತ್ತು ಮಕ್ಕಳನ್ನು ಸುಮ್ಮನಿರಿಸಿದ ದನಿಯಲ್ಲಿ ಹೇಳಿದ ಮಾತು. ಆರ್ವಿಡ್ ನಂಬಿದ.

ಆಮೇಲಿನ ಆರು ಗಂಟೆ ಅವನು ಪಟ್ಟ ಪಾಡು ಹಗೆಯವನಿಗೂ ಬೇಡ. ಕಟ್ಟು ಬಿಚ್ಚಿದ ಕೂಡಲೇ ಆರು ವರ್ಷದಿಂದ ಸುರುಳಿಯಾಗಿ ಮಲಗಿದ್ದ ಕೊಳವೆ ಮೈಮುರಿದು ಎದ್ದು ಅವನನ್ನು ಮೂರು ಸುತ್ತು ಸುತ್ತಿತು. ಬಿಡಿಸಿಕೊಂಡು ಒಂದು ತುದಿ ಹೊಡೆದರೆ ಇನ್ನೊಂದು ತುದಿ ಕಳಚಿ ಮುಖಕ್ಕೆ ಬಡಿಯುತ್ತಿತ್ತು. ಒಂದು ಸ್ಟೇಪಲ್ ತಪ್ಪಿ ಅವನ ತೋಳಿನ ಬಟ್ಟೆಯನ್ನು ತೊಲೆಗೆ ಸೇರಿಸಿಬಿಟ್ಟಿತು. ಮಧ್ಯಾಹ್ನ ಮಿಸೆಸ್ ಟ್ವೈಟ್ ಮುಚ್ಚಳದಿಂದ ಆಲೂಗಡ್ಡೆ ಮಾಂಸ ಬೇಯಿಸಿದ ಬಿಸಿ ಊಟವನ್ನು ತಟ್ಟೆಯಲ್ಲಿ ಇಳಿಸಿ, ಅಂಗಾತ ಮಲಗಿದ್ದವನಿಗೆ, “ಬೆನ್ನು ನೆಟ್ಟಗಿಟ್ಟುಕೊಂಡು ತಿನ್ನು, ಆರ್ವಿಡ್,” ಎಂದರು.

“ನೆಟ್ಟಗೇ ಇದೆ, ಮಿಸೆಸ್ ಟ್ವೈಟ್.”

ಸ್ಟೇಪಲಿನ ಸದ್ದು ತಾಳಲಾರದೆ ಅವರು ಕಿವಿಯ ಯಂತ್ರ ತೆಗೆದು ಚೀಲಕ್ಕೆ ಹಾಕಿಕೊಂಡಿದ್ದರು. ಸದ್ದು ಎಲ್ಲಿಂದ ಬರುತ್ತಿದೆ ಎಂದು ಹೇಳಬಲ್ಲವರು ಮನೆಯಲ್ಲಿ ಅವರೊಬ್ಬರೇ ಇದ್ದರು. ಅದೂ ಹೋಯಿತು.

ಮೂರೂವರೆಗೆ ಬಾಯ್ಲರಿನ ತಿರುಪು ಬಿಟ್ಟರು. ಮೊದಲ ಚಿಲುಮೆ ಡ್ವೇನನ ಮುಖದ ಮೇಲೆ ಚಿಮ್ಮಿತು. ಬಿಗಿ ಮಾಡಿದರು. ಪಂಪು ಗುಂಯ್ ಎಂದು ಹಾಡತೊಡಗಿತು. ಕೊಳವೆಯೊಳಗೆ ಬಿಸಿನೀರು ಗುಳುಗುಳು ಹರಿಯುವುದನ್ನು ಕೇಳಿ ಆರ್ವಿಡ್‌ಗೆ ಕಣ್ಣಲ್ಲಿ ನೀರು ಬಂತು. ಕಣ್ಣಿಗೆ ಬಿದ್ದ ಧೂಳೂ ಸ್ವಲ್ಪ ಕಾರಣ.

ಮೂವರೂ ಅಡಿಗೆಮನೆಯಲ್ಲಿ ಸಾಲಾಗಿ ನಿಂತು ಕಾದರು. ನಾಲ್ಕು ಗಂಟೆಗೆ ನೆಲ ತಣ್ಣಗಿತ್ತು.

“ತಾತನ ಕಾಲದ ಮರ. ನಿಧಾನವಾಗಿ ಕಾಯುತ್ತೆ,” ಎಂದ ಡ್ವೇನ್.

ನಾಲ್ಕೂವರೆಗೆ ಇನ್ನೂ ತಣ್ಣಗಿತ್ತು. ಮಂಡಿ ನೋವಿನ ಡ್ವೇನ್ ನೆಲಕ್ಕೆ ಕೆನ್ನೆಯಿಟ್ಟು ಮಲಗಿ, “ಈಗ ಒಂಚೂರು ಬೆಚ್ಚಗಾಗ್ತಿದೆ, ನೋಡು ಬಾ,” ಎಂದ. ಆರ್ವಿಡ್ ಪಕ್ಕದಲ್ಲಿ ಮಲಗಿ ಕೆನ್ನೆಯಿಟ್ಟ. “ಅದು ನಿನ್ನ ಕೆನ್ನೆಯ ಬಿಸಿ ಕಣೋ,” ಎಂದ. ನಾಳೆ ಇಷ್ಟು ಹೊತ್ತಿಗೆ ಈ ಮನೆಯಲ್ಲಿ ಅವನೊಬ್ಬನೇ, ಕಿಟಕಿಯಾಚೆ ಹಿಮ.

ಐದಕ್ಕೆ ಐದು ನಿಮಿಷವಿದ್ದಾಗ ಮಿಸೆಸ್ ಟ್ವೈಟ್ ತಮ್ಮ ಜೆಲ್ಲಿ ತರಲು ಬೂಟುಕೋಣೆಗೆ ಹೋದರು. ಬೋಗುಣಿ ಹಿಡಿದು ಬಾಗಿಲಲ್ಲಿ ನಿಂತರು. ಅದರಲ್ಲಿ ಹಸಿರು ನೀರು ತುಳುಕುತ್ತಿತ್ತು, ಕ್ಯಾರೆಟ್ ಈಜುತ್ತಿತ್ತು.

“ಆರ್ವಿಡ್, ನನ್ನ ಜೆಲ್ಲಿ ಕುಡಿಯೋ ಹಾಗಾಗಿದೆ.”

ಅದೇ ಗಳಿಗೆಗೆ ಹಿಂಬಾಗಿಲು ತೆರೆಯಿತು. ಬೂಟುಕೋಣೆಯಲ್ಲಿ ಮಾರ್ಲಿಸ್ ಬೂಟಿನ ಹಿಮ ಕೊಡವಿದಳು. ನಮ್ಮೂರಿನವರೆಲ್ಲ ಕೊಡವುವ ಹಾಗೆಯೇ, ಎಡಗಾಲು ಎರಡು ಸಲ, ಬಲಗಾಲು ಎರಡು ಸಲ. ಧಪ್ ಧಪ್, ಧಪ್ ಧಪ್!

ಆರ್ವಿಡ್ ಆ ಸದ್ದನ್ನು ಗುರುತಿಸಿದ. ನೆಲದಿಂದ ಮೆಲ್ಲಗೆ ಎದ್ದು ಕೂತ.

“ಡ್ವೇನ್, ಬೆಳಗ್ಗೆ ನೀನು ಎಷ್ಟು ಸಲ ಮನೆಗೆ ಹೋಗಿ ಬಂದೆ?”

“ನಾಲ್ಕು ಸಲ. ಸ್ಟೇಪಲ್ ಒಂದ್ಸಲ, ತಗಡು ಕತ್ತರಿಸೋ ಕತ್ತರಿ ಒಂದ್ಸಲ, ಟೇಪು, ಆಮೇಲೆ ಕನ್ನಡಕ. ಯಾಕೆ?”

“ಬೂಟು ಕೊಡವಿದೆಯಾ?”

“ಏನ್ ಮಾತು ಅಂತ ಆಡ್ತೀಯ! ಕೊಡವದೆ ಒಳಗೆ ಬರೋಕೆ ನಾನೇನು ಕಳ್ಳನಾ? ಒಂದೊಂದ್ಸಲ ಒಂದೊಂದು ಮೂಲೇಲಿ ಕೊಡವಿದೆ. ಒಂದೇ ಕಡೆ ನೀರು ನಿಂತ್ರೆ ಮಾರ್ಲಿಸ್ ಬೈತಾಳೆ.”

ಬೂಟುಕೋಣೆಯಿಂದ ಒಂದು ಕೂಗು ಬಂತು. ಅದು ಸಂತೋಷದ ಕೂಗು.

“ಆರ್ವಿಡ್! ಅಯ್ಯೋ ದೇವರೇ, ಆರ್ವಿಡ್!”

ಓಡಿ ಹೋಗಿ ನೋಡಿದರೆ ಮಾರ್ಲಿಸ್ ಬೂಟು ಬಿಚ್ಚಿ, ಒಂದು, ಎರಡು, ಮೂರು ಜೊತೆ ಕಾಲುಚೀಲವನ್ನೂ ಬಿಚ್ಚಿ ಬರಿಗಾಲಲ್ಲಿ ನಿಂತಿದ್ದಳು. ಸುತ್ತಲೂ ಒದ್ದೆ ಬೂಟುಗಳಿಂದ ಹಬೆ ಏಳುತ್ತಿತ್ತು. ಅವಳು ತನ್ನ ಕಾಲ್ಬೆರಳುಗಳನ್ನು ಮಡಿಸಿ, ಬಿಡಿಸಿ, ಹಳೆಯ ಗೆಳತಿಯರು ಸಿಕ್ಕ ಹಾಗೆ ನೋಡುತ್ತಿದ್ದಳು.

“ಬೂಟುಕೋಣೆಗೂ ಹಾಕಿಬಿಟ್ಟಿದೀಯಲ್ಲೋ! ಇಲ್ಲೇ ಹೀಗಿದ್ರೆ ಅಡಿಗೆಮನೆ ಇನ್ನು ಹೇಗಿರಬೇಡ!”

“ಮಾರ್ಲಿಸ್, ಅದು ಏನಾಯ್ತು ಅಂದ್ರೆ...”

ಅವಳು ಮಾತು ಮುಗಿಸಲು ಬಿಡಲಿಲ್ಲ. ಮೀನಿನ ವಾಸನೆಯ ಕೋಟಿನಲ್ಲೇ ಅವನನ್ನು ಬಾಚಿ ತಬ್ಬಿಕೊಂಡಳು. ಡ್ವೇನ್ ಸೂರು ನೋಡಿದ. ಮಾರ್ಲಿಸ್ ಹೀಗೆ ನಾಲ್ಕು ಜನರೆದುರು ಗಂಡನನ್ನು ತಬ್ಬಿದ್ದು ಮದುವೆಯ ದಿನ ಬಿಟ್ಟರೆ ಇದೇ ಮೊದಲು. ಅಂಥ ಹೊತ್ತಿನಲ್ಲಿ ನಿಜ ಹೇಳಲು ಆರ್ವಿಡ್‌ಗೆ ಬಾಯಿ ಬರಲಿಲ್ಲ. ಅವಳು ತಬ್ಬಿದ ಕೈ ತೆಗೆಯದೆಯೇ ಜೇಬಿನಿಂದ ಫೋನು ತೆಗೆದಳು.

“ಡೆಲೋರಿಸ್! ನಾನು ಬರೋದಿಲ್ಲ ಕಣೇ. ಆರ್ವಿಡ್ ನೆಲ ಬೆಚ್ಚಗೆ ಮಾಡಿದಾನೆ. ಹೂಂ, ನಮ್ಮ ಆರ್ವಿಡ್ಡೇ! ನಾನೀಗ ಬರಿಗಾಲಲ್ಲಿ ನಿಂತಿದೀನಿ!”

ಫೋನಿನಿಂದ ಡೆಲೋರಿಸಳ ದನಿ ಕೋಣೆಯನ್ನೆಲ್ಲ ತುಂಬಿತು. “ನಿಜವಾಗ್ಲೂನಾ? ಹಿಮ ನೋಡಿ ಒಂಬತ್ತು ವರ್ಷ ಆಯ್ತು, ಮಾರ್ಲಿಸ್. ಇಲ್ಲಿ ಬರೀ ಬಿಸಿಲು, ಬರೀ ವೆಂಡೆಲ್.”

“ಹಾಗಾದ್ರೆ ನೀನೇ ಬಾ!”

“ಮಾರ್ಲಿಸ್, ಒಂದು ನಿಮಿಷ...” ಎಂದ ಆರ್ವಿಡ್.

“ಬುಧವಾರ ಬರ್ತೀನಿ,” ಎಂದಿತು ಫೋನು. “ಏಪ್ರಿಲ್‌ವರೆಗೆ.”

ಮಾರ್ಲಿಸ್ ಫೋನು ಜೇಬಿಗೆ ಹಾಕಿ, ರಾಣಿಯ ಹಾಗೆ ಬರಿಗಾಲಲ್ಲಿ ಅಡಿಗೆಮನೆಗೆ ನಡೆದಳು. ಎರಡು ಹೆಜ್ಜೆಯಿಟ್ಟು ನಿಂತಳು. ಒಂದು ಕಾಲೆತ್ತಿದಳು. ಅದನ್ನಿಟ್ಟು ಇನ್ನೊಂದನ್ನು ಎತ್ತಿದಳು. ಆಮೇಲೆ ಮೂವರ ಮುಖವನ್ನೂ ನೋಡಿದಳು.

“ನನಗೆ ಹೇಳಿದ ಕಡೆಯೇ ತುಳಿದೆ,” ಎಂದರು ಮಿಸೆಸ್ ಟ್ವೈಟ್. ಡ್ವೇನ್ ತನ್ನ ಮಂಡಿ ಸವರಿಕೊಂಡ. ಕಥೆಯನ್ನೆಲ್ಲ ಆರ್ವಿಡ್ಡೇ ಹೇಳಬೇಕಾಯಿತು. ಧಪ್ ಧಪ್ಪಿನಿಂದ ಹಿಡಿದು ಜೆಲ್ಲಿಯವರೆಗೆ ತಲೆತಗ್ಗಿಸಿ ಹೇಳಿ, ಕೊನೆಗೆ, “ನಿನ್ನ ಪೆಟ್ಟಿಗೆ ನಾನೇ ಕಾರಲ್ಲಿ ಇಟ್ಟುಕೊಡ್ತೀನಿ,” ಎಂದ.

ಮಾರ್ಲಿಸ್ ನಕ್ಕಳು. ನಗು ತಡೆಯಲಾಗದೆ ಬೂಟುಕೋಣೆಗೆ ವಾಪಸ್ಸು ಹೋಗಿ ಬೆಚ್ಚನೆಯ ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಯಾವ ಪೆಟ್ಟಿಗೆಯೋ? ನಾನು ಟಿಕೆಟ್ಟೇ ತೆಗೆದಿರಲಿಲ್ಲ! ಹಾಗಂದ್ರಾದ್ರೂ ಕುರ್ಚಿ ಬಿಟ್ಟು ಏಳ್ತೀಯೇನೋ ಅಂತ ಹೇಳಿದ್ದು. ನೀನು ನನಗೋಸ್ಕರ ಇಡೀ ದಿನ ಅಂಗಾತ ಮಲಗಿ ಜೇಡ ತಿಂದೆಯಲ್ಲ, ಅಷ್ಟು ಸಾಕು ಕಣೋ. ಬಾ, ಕೂತ್ಕೋ ಇಲ್ಲಿ.”

ನಾಲ್ವರೂ ಹಬೆಯಾಡುವ ಬೂಟುಗಳ ನಡುವೆ ಮಂಡಿಗೆ ಮಂಡಿ ತಾಗಿಸಿ ಕೂತು, ಚರ್ಚಿನಿಂದ ಬಂದ ಮೀನು ತಿಂದು, ಹಸಿರು ಜೆಲ್ಲಿಯನ್ನು ಲೋಟದಲ್ಲಿ ಕುಡಿದರು. ಅಷ್ಟು ಸುಖವಾಗಿ ಆರ್ವಿಡ್ ಊಟ ಮಾಡಿ ವರ್ಷಗಳೇ ಆಗಿದ್ದವು. ಹೆಂಡತಿ ಇರುತ್ತಾಳೆ. ಉಳಿದದ್ದು ಡೆಲೋರಿಸ್ ಒಬ್ಬಳೇ. ಅಡಿಗೆಮನೆ ಇನ್ನೂ ತಣ್ಣಗಿದೆ ಎಂದು ನಾಳೆ ಒಂದು ಮಾತು ಹೇಳಿದರೆ ಅದೂ ಮುಗಿಯಿತು.

ಭಾನುವಾರ ಬೆಳಗ್ಗೆ ಚರ್ಚಿನಿಂದ ಬಂದವನೇ, ಜೀವಮಾನದಲ್ಲಿ ಮೊದಲ ಸಲ ತಾನಾಗಿ ಡೆಲೋರಿಸಳಿಗೆ ಫೋನು ಮಾಡಿದ. ಎತ್ತಿದವನು ವೆಂಡೆಲ್.

“ಅವಳಿಲ್ಲ, ಆರ್ವಿಡ್,” ಎಂದ ವೆಂಡೆಲ್. “ಚಳಿ ಕೋಟು ತರೋಕೆ ಹೋಗಿದಾಳೆ. ಆರ್ವಿಡ್, ಒಂದು ಮಾತು ಹೇಳ್ಲಾ? ನೀನು ಮಾಡಿದ ಉಪಕಾರ ನನ್ನ ಒಡಹುಟ್ಟಿದವರೂ ಮಾಡಿಲ್ಲ. ಏಪ್ರಿಲ್‌ವರೆಗೆ! ನಾನೀಗ ಒಬ್ಬನೇ ಕೂತಿದೀನಿ. ಫ್ಯಾನು ತಿರುಗ್ತಾ ಇದೆ. ಅದಕ್ಕೆ ಸದ್ದಿದೆ ಅಂತ ನನಗೆ ಇವತ್ತೇ ಗೊತ್ತಾಗಿದ್ದು.” ಅವನ ದನಿ ಒದ್ದೆಯಾಗಿತ್ತು. “ನೀನು ಏನಕ್ಕೆ ಫೋನ್ ಮಾಡಿದ್ದು?”

“ಸುಮ್ಮನೆ,” ಎಂದ ಆರ್ವಿಡ್.

ಫೋನಿಟ್ಟು ಹೆಂಡತಿಯ ಕಡೆ ನೋಡಿದ. “ಹೋಗ್ಲಿ ಬಿಡು. ಬರ್ತಾಳೆ, ಅಡಿಗೆಮನೇಲಿ ಕಾಲಿಡ್ತಾಳೆ, ಕಿರುಚ್ತಾಳೆ, ಮಾರನೇ ದಿನ ಹೊರಡ್ತಾಳೆ. ಹೋದ ಸಲದ ಹಾಗೆ.”

“ಹೊರಡ್ತಾಳೆ,” ಎಂದಳು ಮಾರ್ಲಿಸ್, ಮೂರನೆಯ ಜೊತೆ ಕಾಲುಚೀಲ ಏರಿಸುತ್ತಾ. “ಹೊರಡುವಾಗ, ಪಾಪ ನನ್ನ ತಂಗಿ ಈ ಮಂಜುಗಡ್ಡೆ ಮೇಲೆ ಹೇಗಿರ್ತಾಳೆ ಅಂತ ನನ್ನನ್ನೂ ಎಳ್ಕೊಂಡು ಹೋಗ್ತಾಳೆ. ಡೆಲೋರಿಸ್ ಕೈ ಹಿಡಿದು ಎಳೆದ್ರೆ ಬರಲ್ಲ ಅಂದವರು ಯಾರಾದ್ರೂ ಇದಾರಾ, ನೀನೇ ಹೇಳು.”

ಆರ್ವಿಡ್ ಎರಡೂ ದಾರಿಯನ್ನು ಕಣ್ಣಮುಂದೆ ತಂದುಕೊಂಡ. ನೆಲ ಕಾಯಿಸಿದರೆ ಡೆಲೋರಿಸ್ ಉಳಿಯುತ್ತಾಳೆ. ಕಾಯಿಸದಿದ್ದರೆ ಮಾರ್ಲಿಸ್ ಹೋಗುತ್ತಾಳೆ. ಬೀರುವಿನೊಳಗಿನ ಮುಚ್ಚಳ ಎತ್ತಿದ. ಮೊಳೆಗೆ ನೇತಾಡುತ್ತಿದ್ದ ಟೋಪಿ ನಿನ್ನೆಯ ಜಾಗದಲ್ಲೇ ಅವನಿಗಾಗಿ ಕಾದಿತ್ತು.

“ಡ್ವೇನ್‌ಗೆ ಫೋನ್ ಮಾಡು. ಸ್ಟೇಪಲ್ ಮುಗಿದಿದೆ. ಮತ್ತೆ ಮಾರ್ಲಿಸ್, ಈ ಸಲ ನೀನೇ ತುಳಿ. ಅಡಿಗೆಮನೇಲಿ, ಜೋರಾಗಿ!”

ತೆವಳಿದ. ಚಿಮಣಿಯ ಬುಡ ಸುತ್ತಿ, ಅಂಗಾತ ಮಲಗಿ ಕಿವಿಗೊಟ್ಟ. ತುಸು ಹೊತ್ತಿಗೆ ಮೇಲಿನಿಂದ ಗಟ್ಟಿಯಾಗಿ ಕೇಳಿಸಿತು: ಧಪ್ ಧಪ್, ಧಪ್ ಧಪ್!

“ಭೇಷ್, ಮಾರ್ಲಿಸ್!” ಎಂದು ಆರ್ವಿಡ್ ಗುರುತು ಹಾಕಿದ.

“ನಾನಿನ್ನೂ ಚಪ್ಪಲಿ ಹುಡುಕ್ತಾ ಇದೀನಿ,” ಎಂದು ಮನೆಯ ಇನ್ನೊಂದು ಕಡೆಯಿಂದ ಮಾರ್ಲಿಸ್ ಕೂಗಿದಳು. “ಡ್ವೇನ್ ಬಂದ ನೋಡು!”